ಕಲಿಯುವ ಡಾಕ್ಟರ್ ಕೈಯಲ್ಲಿ ಲೇಸರ್: ಶ್ರೀರಾಮಪುರದ ಟೈಲರಮ್ಮನ ಕಣ್ಣು

ಬೆಂಗಳೂರಿನ ಬೋಧನಾ ಆಸ್ಪತ್ರೆಗಳಲ್ಲಿ ಕಣ್ಣಿಗೆ ಲೇಸರ್ ಹಾಕುವವರು ಬಹಳ ಸಲ ಪಿಜಿ ಡಾಕ್ಟರ್‌ಗಳು. ಎಂಬಿಬಿಎಸ್ ಮುಗಿಸಿ, ಮೂರು ವರ್ಷದ ಎಂಎಸ್ ಓದುತ್ತಿರುವವರು. ಇದನ್ನು ರೋಗಿಗೆ ಬಾಯಿಬಿಟ್ಟು ಹೇಳುವ ರೂಢಿ ಕಡಿಮೆ. ಹಾಗಾಗಿ ಸ್ವಲ್ಪ ಏರುಪೇರಾದರೂ ಮನೆಯವರಿಗೆ ಮೋಸ ಹೋದಂತೆ ಅನಿಸುತ್ತದೆ. ನಾನು ಇಂಥ ಒಂದು ಆಸ್ಪತ್ರೆಯ ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ವಿಭಾಗದಲ್ಲಿ ಪಿಜಿಗಳಿಗೆ ಕಲಿಸುತ್ತೇನೆ. ಕಲಿಯುವವರ ಕೈಗೆ ಕಣ್ಣು ಕೊಡಬಹುದಾ ಎಂದು ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಪ್ರಕಾರ ಅದರ ಉತ್ತರ ಲೇಸರ್ ಗುಂಡಿಯ ಮೇಲೆ ಇರುವ ಬೆರಳಲ್ಲಿ ಇಲ್ಲ. ಲೇಸರ್‌ಗೆ ಮೊದಲಿನ ಪರೀಕ್ಷೆಯಲ್ಲಿ ಮತ್ತು ಲೇಸರ್ ಆದ ಮೇಲಿನ ಒಂದು ಗಂಟೆಯಲ್ಲಿ ಇದೆ. ಅದು ಸ್ಪಷ್ಟವಾಗಿ ಕಂಡದ್ದು ಈ ಪ್ರಕರಣದಲ್ಲಿ. ರೋಗಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ರೋಗಿಗೆ 57 ವರ್ಷ. ಶ್ರೀರಾಮಪುರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ. ಬಂದಿದ್ದು ಕನ್ನಡಕದ ನಂಬರ್ ಬದಲಿಸಲು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂಬುದು ಅವರ ದೂರು. ಕೇಳುತ್ತಾ ಹೋದಾಗ ಇನ್ನೊಂದು ವಿಷಯ ಹೊರಬಂತು. ಕೆಲವು ತಿಂಗಳಿಂದ ಸಂಜೆ ಹೊತ್ತು, ಮಂದ ಬೆಳಕಲ್ಲಿ ಬಗ್ಗಿ ಹೊಲಿಯುವಾಗ, ಬಲ ಹುಬ್ಬಿನ ಮೇಲೆ ನೋವು ಬರುತ್ತಿತ್ತು. ಆಗ ಬೀದಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ಒಂದೆರಡು ಸಲ ವಾಂತಿಯೂ ಆಗಿತ್ತು. ಮಲಗಿ ಎದ್ದರೆ ಹೋಗುತ್ತಿತ್ತು. ಪಿತ್ತ ಜಾಸ್ತಿಯಾಗಿದೆ ಅಂದುಕೊಂಡು ಅವರು ಶುಂಠಿ ಕಷಾಯ ಕುಡಿದು ಸುಮ್ಮನಾಗಿದ್ದರು.

ತಲೆನೋವು ಮತ್ತು ವಾಂತಿ ಒಟ್ಟಿಗೆ ಬಂದರೆ ನಮ್ಮ ಕಡೆ ಪಿತ್ತ ಅನ್ನುತ್ತಾರೆ, ಇಲ್ಲವೇ ಮೈಗ್ರೇನ್. ಕಣ್ಣಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ದೀಪದ ಸುತ್ತ ಬಣ್ಣದ ಬಳೆ ಕಂಡಿತಾ ಎಂಬ ಒಂದು ಪ್ರಶ್ನೆ ಎಷ್ಟೋ ಜನರ ದೃಷ್ಟಿ ಉಳಿಸಬಲ್ಲದು. ಈ ಪ್ರಶ್ನೆ ಕೇಳಿದವಳು ಎರಡನೇ ವರ್ಷದ ಪಿಜಿ. ಆ ದಿನದ ಒಪಿಡಿಯಲ್ಲಿ ಕನ್ನಡಕ ಪರೀಕ್ಷೆಗೆ ಬಂದವರ ಸಾಲು ದೊಡ್ಡದಿತ್ತು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಕೂರಿಸಿಬಿಡುವುದು ಸುಲಭವಿತ್ತು. ಅವಳು ಹಾಕಲಿಲ್ಲ. ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದ ಸಣ್ಣ ಗೆರೆ ಬೆಳಕನ್ನು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಅಂಚಿಗೆ ಬಿಟ್ಟು ನೋಡಿದಳು. ಕಾರ್ನಿಯಾಕ್ಕೂ ಅದರ ಹಿಂದಿನ ಬಣ್ಣದ ಪರದೆಯಾದ ಐರಿಸ್‌ಗೂ ನಡುವೆ ಜಾಗವೇ ಇಲ್ಲದಂತಿತ್ತು. ಅವರ ಕನ್ನಡಕ ಪ್ಲಸ್ ಮೂರು ಎಂಬುದನ್ನೂ ಗಮನಿಸಿದ್ದಳು. ದೂರಕ್ಕೆ ಪ್ಲಸ್ ನಂಬರ್ ಇರುವ ಕಣ್ಣು ಸಾಮಾನ್ಯವಾಗಿ ಗಿಡ್ಡ ಕಣ್ಣು. ಅದರೊಳಗೆ ಎಲ್ಲವೂ ಒತ್ತೊತ್ತಾಗಿ ಇರುತ್ತದೆ. ವಯಸ್ಸಾದಂತೆ ಕಣ್ಣೊಳಗಿನ ಲೆನ್ಸ್ ದಪ್ಪವಾಗುತ್ತದೆ, ಜಾಗ ಇನ್ನೂ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಜಾಸ್ತಿ.

ಕಣ್ಣೊಳಗೆ ಸದಾ ಒಂದು ನೀರು ಹುಟ್ಟುತ್ತಿರುತ್ತದೆ. ಅದು ಐರಿಸ್‌ನ ಹಿಂದೆ ಹುಟ್ಟಿ, ಪಾಪೆಯ ಮೂಲಕ ಮುಂದೆ ಬಂದು, ಕಾರ್ನಿಯಾ ಮತ್ತು ಐರಿಸ್ ಸೇರುವ ಮೂಲೆಯಲ್ಲಿ ಜರಡಿಯಂಥ ಜಾಗದಿಂದ ಹೊರಹೋಗುತ್ತದೆ. ಈ ಮೂಲೆಗೆ ನಾವು ಆ್ಯಂಗಲ್ ಅನ್ನುತ್ತೇವೆ. ಇಕ್ಕಟ್ಟಾದ ಕಣ್ಣಲ್ಲಿ ಪಾಪೆಯ ಅಂಚು ಲೆನ್ಸ್‌ಗೆ ಒತ್ತಿಕೊಳ್ಳುತ್ತದೆ. ನೀರು ಹಿಂದೆಯೇ ನಿಂತು ಐರಿಸನ್ನು ಮುಂದಕ್ಕೆ ಉಬ್ಬಿಸುತ್ತದೆ. ಬಚ್ಚಲ ತೂಬಿಗೆ ಒದ್ದೆ ಬಟ್ಟೆ ಬಂದು ಅಡ್ಡ ಕೂತ ಹಾಗೆ, ಉಬ್ಬಿದ ಐರಿಸ್ ಆ ಮೂಲೆಯನ್ನು ಮುಚ್ಚುತ್ತದೆ. ಮಂದ ಬೆಳಕಲ್ಲಿ ಪಾಪೆ ಅರ್ಧ ಹಿಗ್ಗಿದಾಗ ಇದು ಹೆಚ್ಚು. ಸಂಜೆ ಹೊತ್ತಿನ ನೋವಿಗೆ ಕಾರಣ ಅದೇ. ಪೂರ್ತಿ ಮುಚ್ಚಿಕೊಂಡರೆ ಕಣ್ಣೊಳಗಿನ ಒತ್ತಡ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) 50, 60ಕ್ಕೂ ಏರುತ್ತದೆ. ಮಾಮೂಲಿ ಕಣ್ಣಲ್ಲಿ ಅದು 10ರಿಂದ 21. ಹಾಗೆ ಏರಿದಾಗ ಕಣ್ಣಿನ ನರ ಬೇಗ ಸಾಯುತ್ತದೆ. ಸತ್ತ ನರ ಮತ್ತೆ ಬರುವುದಿಲ್ಲ.

ಅವರ ಒತ್ತಡ ಬಲಗಣ್ಣಲ್ಲಿ 24, ಎಡಗಣ್ಣಲ್ಲಿ 20 ಇತ್ತು. ನರ ಎರಡರಲ್ಲೂ ಚೆನ್ನಾಗಿತ್ತು. ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಕೂಡ ಸರಿಯಿತ್ತು.

ಗೋನಿಯೋಸ್ಕೋಪಿಯ ಕತೆ

ಆ್ಯಂಗಲ್ ನೇರವಾಗಿ ಕಣ್ಣಿಗೆ ಕಾಣುವುದಿಲ್ಲ. ಕಾರ್ನಿಯಾದ ಮೇಲೆ ಕನ್ನಡಿ ಇರುವ ಲೆನ್ಸ್ ಇಟ್ಟು ನೋಡಬೇಕು. ಅದೇ ಗೋನಿಯೋಸ್ಕೋಪಿ. ನಾನು ಪಿಜಿಗಳಿಗೆ ಕಲಿಸುವ ವಿಷಯಗಳಲ್ಲಿ ಅತಿ ಕಷ್ಟದ್ದು ಇದು, ಅತಿ ಹೆಚ್ಚು ಉದಾಸೀನಕ್ಕೆ ಒಳಗಾಗಿರುವುದೂ ಇದೇ. ಲೇಸರ್ ಕಲಿಯಲು ಎಲ್ಲರಿಗೂ ಉತ್ಸಾಹ. ಗೋನಿಯೋ ಕಲಿಯಲು ಬೆನ್ನು ಬಗ್ಗಿಸಬೇಕು, ಕತ್ತಲೆ ಕೋಣೆಯಲ್ಲಿ ತಾಳ್ಮೆಯಿಂದ ಕೂರಬೇಕು.

ನಮ್ಮ ಪಿಜಿ ಬಲಗಣ್ಣು ನೋಡಿ ಬರೆದಿದ್ದು: ಮೂರು ಕಡೆ ಆ್ಯಂಗಲ್ ತೆರೆದಿದೆ. ಅಷ್ಟು ಇಕ್ಕಟ್ಟಾದ ಕಣ್ಣಲ್ಲಿ ಅದು ಹೊಂದುವ ಮಾತಲ್ಲ. ನಾನು ಅವಳ ಪಕ್ಕ ಕೂತು ಮತ್ತೆ ನೋಡಲು ಹೇಳಿದೆ. ಕಾರ್ನಿಯಾದಲ್ಲಿ ಸಣ್ಣ ಸುಕ್ಕುಗಳು ಮೂಡುತ್ತಿದ್ದವು. ಅಂದರೆ ಲೆನ್ಸನ್ನು ಒತ್ತಿ ಹಿಡಿದಿದ್ದಾಳೆ. ನಾಲ್ಕು ಕನ್ನಡಿಯ ಚಿಕ್ಕ ಲೆನ್ಸ್‌ನಲ್ಲಿ ಸ್ವಲ್ಪ ಒತ್ತಿದರೂ ನೀರು ಹಿಂದೆ ಸರಿದು, ಮುಚ್ಚಿದ ಆ್ಯಂಗಲ್ ತೆರೆದುಕೊಳ್ಳುತ್ತದೆ. ಬೆಳಕಿನ ಗೆರೆಯೂ ಉದ್ದವಿತ್ತು, ಪಾಪೆಯ ಮೇಲೆ ಬೀಳುತ್ತಿತ್ತು. ಪಾಪೆ ಚಿಕ್ಕದಾದರೆ ಐರಿಸ್ ಎಳೆದುಕೊಂಡು ಮತ್ತೆ ಆ್ಯಂಗಲ್ ತೆರೆದಂತೆ ಕಾಣುತ್ತದೆ. ಕೋಣೆ ಕತ್ತಲೆ ಮಾಡಿಸಿದೆ. ಗೆರೆ ಗಿಡ್ಡ ಮಾಡಿಸಿದೆ. ಕೈ ಹಗುರ ಮಾಡಲು ಹೇಳಿದೆ. ಮೂರು ಕಡೆ ತೆರೆದಿದ್ದ ಆ್ಯಂಗಲ್ ಈಗ ಒಂದು ಕಡೆಯೂ ಸರಿಯಾಗಿ ಕಾಣಲಿಲ್ಲ. ಆಮೇಲೆ ಬೇಕೆಂದೇ ಒತ್ತಿ ನೋಡಿದಾಗ ಮೇಲ್ಗಡೆ ಒಂದು ತುಂಡು ಮಾತ್ರ ತೆರೆಯಲಿಲ್ಲ. ಅಲ್ಲಿ ಐರಿಸ್ ಅಂಟಿಕೊಂಡುಬಿಟ್ಟಿತ್ತು.

ಇದು ಸಣ್ಣ ವ್ಯತ್ಯಾಸ ಅಲ್ಲ. ಮೊದಲ ಬರಹ ಹಾಗೇ ಉಳಿದಿದ್ದರೆ ಆ ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು, ಸಂಜೆಯ ನೋವನ್ನು ಮತ್ತೆ ಪಿತ್ತದ ಲೆಕ್ಕಕ್ಕೆ ಹಾಕುತ್ತಿದ್ದರು. ತಪ್ಪು ಗೋನಿಯೋಗೆ ರಕ್ತ ಬರುವುದಿಲ್ಲ, ನೋವಾಗುವುದಿಲ್ಲ, ಯಾರೂ ಬಂದು ಜಗಳ ಆಡುವುದಿಲ್ಲ. ಅದಕ್ಕೇ ಅದು ಲೇಸರ್‌ನ ತಪ್ಪಿಗಿಂತ ಅಪಾಯ.

ಬಲಗಣ್ಣಲ್ಲಿ ಒತ್ತಡವೂ ಏರಿತ್ತು, ಐರಿಸ್ ಅಂಟಿಯೂ ಇತ್ತು. ಹಾಗಾಗಿ ಅದು ಆ್ಯಂಗಲ್ ಮುಚ್ಚುವ ಕಾಯಿಲೆಯೇ. ನರಕ್ಕೆ ಪೆಟ್ಟು ಬಿದ್ದಿರಲಿಲ್ಲವಾದ್ದರಿಂದ ಗ್ಲಾಕೋಮಾ ಎಂಬ ಹೆಸರು ಇನ್ನೂ ಬಂದಿರಲಿಲ್ಲ. ಎಡಗಣ್ಣು ಬರೀ ಅನುಮಾನದ ಹಂತದಲ್ಲಿತ್ತು, ಅಂದರೆ ಆ್ಯಂಗಲ್ ಇಕ್ಕಟ್ಟು, ಆದರೆ ಒತ್ತಡ ಏರಿಲ್ಲ, ಐರಿಸ್ ಅಂಟಿಲ್ಲ. ಇದಕ್ಕೆ ಹಾಕುವ ಲೇಸರ್ ಐರಿಸ್‌ನಲ್ಲಿ ಸಣ್ಣ ಕಿಂಡಿ ಮಾಡುತ್ತದೆ. ಅನುಮಾನದ ಹಂತದ ಕಣ್ಣಿಗೆಲ್ಲ ಲೇಸರ್ ಹಾಕಬೇಕಾ? ಚೀನಾದ ಗುವಾಂಗ್‌ಝೌ ನಗರದಲ್ಲಿ 889 ಜನರ ಮೇಲೆ ನಡೆದ ಜಾಪ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರಿಗೂ ಒಂದು ಕಣ್ಣಿಗೆ ಲೇಸರ್ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಆರು ವರ್ಷ ನೋಡಿದರು. ಲೇಸರ್ ಹಾಕಿದ 19 ಕಣ್ಣು, ಹಾಕದ 36 ಕಣ್ಣು ಮುಂದಿನ ಹಂತಕ್ಕೆ ಹೋದವು. ಅಪಾಯ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಹಾಗೇ ಬಿಟ್ಟ ಕಣ್ಣುಗಳಲ್ಲೂ ಬಹುಪಾಲು ಕೆಡಲಿಲ್ಲ. ಅಂದಮೇಲೆ ಎಲ್ಲರಿಗೂ ಲೇಸರ್ ಬೇಡ. ಪಿಜಿಗಳ ಕೈ ಪಳಗಲಿ ಎಂಬ ಕಾರಣಕ್ಕಂತೂ ಬೇಡವೇ ಬೇಡ. ಪಿಜಿಗಳು ತಾವು ಮಾಡಿದ್ದನ್ನು ಬರೆದಿಡುವ ಲಾಗ್‌ಬುಕ್ ತುಂಬಿಸುವ ಅವಸರ ಇರುವ ಜಾಗದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು. ಆ ಅಧ್ಯಯನದಲ್ಲಿ ಇದ್ದವರು ಎರಡೂ ಕಣ್ಣು ಅನುಮಾನದ ಹಂತದಲ್ಲೇ ಇದ್ದವರು. ಈ ಅಮ್ಮನಿಗೆ ಒಂದು ಕಣ್ಣು ಆಗಲೇ ಮುಂದೆ ಹೋಗಿತ್ತು, ನೋವೂ ಬರುತ್ತಿತ್ತು. ಹಾಗಾಗಿ ಎರಡಕ್ಕೂ ಲೇಸರ್ ಎಂದು ತೀರ್ಮಾನಿಸಿದೆವು.

ಒಪ್ಪಿಗೆ

"ಅಮ್ಮಾ, ನಿಮ್ಮ ಕಣ್ಣೊಳಗಿನ ಕಂದು ಪರದೆಯಲ್ಲಿ ಸೂಜಿ ತೂತಿಗಿಂತ ಚಿಕ್ಕ ಕಿಂಡಿ ಮಾಡ್ತೀವಿ. ನೀರು ಹೋಗೋಕೆ ಇನ್ನೊಂದು ದಾರಿ ಆಗತ್ತೆ," ಎಂದು ಪಿಜಿಯೇ ಹೇಳಿದಳು. ಲೇಸರ್ ಆದ ಮೇಲೆ ಸ್ವಲ್ಪ ರಕ್ತ ಬರಬಹುದು, ಒತ್ತಡ ತಾತ್ಕಾಲಿಕವಾಗಿ ಏರಬಹುದು, ಒಂದೇ ಸಲಕ್ಕೆ ಆಗದೆ ಇರಬಹುದು, ಅಪರೂಪಕ್ಕೆ ಬೆಳಕಿನ ಗೆರೆ ಕಾಣಬಹುದು ಎಂದಳು. ಲೇಸರ್ ಬೇಡ ಅಂದರೆ ಏನಾಗಬಹುದು ಎಂಬುದನ್ನೂ ಹೇಳಿದಳು. ಕೊನೆಗೆ: "ಲೇಸರ್ ನಾನು ಮಾಡ್ತೀನಿ. ನಾನಿನ್ನೂ ಓದ್ತಾ ಇದ್ದೀನಿ. ಮೇಡಂ ಪಕ್ಕದಲ್ಲೇ ಇದ್ದು ನೋಡ್ತಾ ಇರ್ತಾರೆ. ಮೇಡಮ್ಮೇ ಮಾಡಲಿ ಅಂದ್ರೂ ಸರಿ, ನಂಗೇನೂ ಬೇಜಾರಿಲ್ಲ."

ಅಮ್ಮ ನಕ್ಕರು. "ನಾನೂ ಯಾರದ್ದೋ ಬಟ್ಟೆ ಕತ್ತರಿಸೇ ಹೊಲಿಗೆ ಕಲಿತಿದ್ದು ಕಂದಾ. ಮಾಡು."

ಒಪ್ಪಿಗೆಯ ಕಾಗದದ ಮೇಲೆ ಸಹಿ ಬಿದ್ದರೆ ಸಾಲದು ಎಂದು 2008ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನಿದೆ, ಅಪಾಯ ಏನು, ಬೇಡ ಅಂದರೆ ಏನಾಗುತ್ತದೆ, ಇಷ್ಟು ರೋಗಿಗೆ ತಿಳಿದಿರಬೇಕು. ಯಾರು ಮಾಡುತ್ತಾರೆ ಎಂಬುದನ್ನೂ ಇದೇ ಸಾಲಿಗೆ ಸೇರಿಸಬೇಕು ಎಂಬುದು ನನ್ನ ದೃಢ ನಂಬಿಕೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ದುಡ್ಡು ಇರುವವರು ಖಾಸಗಿ ಕ್ಲಿನಿಕ್‌ಗೆ ಹೋಗಿ ತಮಗೆ ಬೇಕಾದ ಡಾಕ್ಟರನ್ನು ಆರಿಸಿಕೊಳ್ಳುತ್ತಾರೆ. ಪಿಜಿಗಳು ಕಲಿಯುವುದು ಹೆಚ್ಚಾಗಿ ಬಡವರ ಕಣ್ಣಿನ ಮೇಲೆ. ಆ ಕಣ್ಣುಗಳಿಗೆ ನಾವು ಸಾಲಗಾರರು. ಸತ್ಯ ಹೇಳುವುದು, ಪಕ್ಕದಲ್ಲಿ ನಿಲ್ಲುವುದು, ಇವೆರಡು ಆ ಸಾಲದ ಬಡ್ಡಿಯೂ ಅಲ್ಲ.

ಲೇಸರ್ ಕೋಣೆಯಲ್ಲಿ

ಬಲಗಣ್ಣು ಮೊದಲು. ಪಾಪೆ ಚಿಕ್ಕದಾಗಿ ಐರಿಸ್ ತೆಳುವಾಗಲು ಪೈಲೋಕಾರ್ಪಿನ್ ಡ್ರಾಪ್ಸ್ ಹಾಕಿದೆವು. ಒತ್ತಡ ಏರದಂತೆ ಬ್ರಿಮೋನಿಡಿನ್ ಹಾಕಿದೆವು. ಮರಗಟ್ಟಿಸುವ ಡ್ರಾಪ್ಸ್ ಆದ ಮೇಲೆ ಜೆಲ್ ಹಚ್ಚಿ ಅಬ್ರಹಾಂ ಲೆನ್ಸ್ ಕೂರಿಸಿದಳು. ಆ ಲೆನ್ಸ್‌ನಲ್ಲಿ 66 ಡಯಾಪ್ಟರ್‌ನ, ಗುಂಡಿಯಂಥ ಒಂದು ಸಣ್ಣ ಉಬ್ಬು ಭಾಗ ಇರುತ್ತದೆ. ಅದು ಲೇಸರ್ ಶಕ್ತಿಯನ್ನು ಐರಿಸ್ ಮೇಲೆ ಒಟ್ಟುಮಾಡುತ್ತದೆ, ಕಾರ್ನಿಯಾ ಮತ್ತು ರೆಟಿನಾ ಮೇಲೆ ಬೀಳುವ ತೀವ್ರತೆಯನ್ನು ಕಡಿಮೆ ಮಾಡುತ್ತದೆ. ಕಿಂಡಿ ಮಾಡಲು ಬಳಸಿದ್ದು ಯಾಗ್ ಲೇಸರ್, ಅದರ ತರಂಗಾಂತರ 1064 ನ್ಯಾನೋಮೀಟರ್. ಅದು ಸುಡುವುದಿಲ್ಲ, ಸಣ್ಣ ಸ್ಫೋಟದಂತೆ ಸೀಳುತ್ತದೆ. ಸೀಳುವ ಲೇಸರ್ ರಕ್ತನಾಳವನ್ನು ಮುಚ್ಚುವುದಿಲ್ಲ. ಅದಕ್ಕೇ ಕೆಲವು ಸಲ ರಕ್ತ ಬರುತ್ತದೆ.

ನಮ್ಮವರ ಐರಿಸ್ ದಪ್ಪ, ಗಾಢ ಕಂದು. ಈ ಅಮ್ಮನದಂತೂ ವೆಲ್ವೆಟ್ ಥರ ದಟ್ಟ, ಎಲ್ಲೂ ತೆಳು ಗುಳಿ ಇಲ್ಲ. 5 ಮಿಲಿಜೌಲ್‌ಗೆ ಇಟ್ಟು, ಮೇಲಿನ ರೆಪ್ಪೆಯ ಮರೆಯಲ್ಲಿ, ಆದಷ್ಟು ಅಂಚಿಗೆ ಗುರಿ ಇಟ್ಟಳು. ನಾನು ಟೀಚಿಂಗ್ ಟ್ಯೂಬ್‌ನಲ್ಲಿ, ಅಂದರೆ ಪಕ್ಕದವರಿಗೂ ಕಾಣಲೆಂದು ಯಂತ್ರಕ್ಕೆ ಜೋಡಿಸಿದ ಕೊಳವೆಯಲ್ಲಿ, ಅದೇ ದೃಶ್ಯ ನೋಡುತ್ತಿದ್ದೆ. ಕೋಣೆಯಲ್ಲಿ ಇರುವುದು ಬೇರೆ, ಅದೇ ದೃಶ್ಯ ನೋಡುತ್ತಿರುವುದು ಬೇರೆ. ಕಂಪ್ಯೂಟರ್ ಮುಂದೆ ಕೂತು "ಹೇಗಾಯ್ತು?" ಎಂದು ಕೇಳುವುದನ್ನು ನಾನು ಮೇಲ್ವಿಚಾರಣೆ ಎಂದು ಒಪ್ಪುವುದಿಲ್ಲ.

ಕೆಲವು ಶಾಟ್ ಆದ ಮೇಲೆ ಕಂದು ಹೊಗೆಯಂತೆ ಪಿಗ್ಮೆಂಟ್ (ಐರಿಸ್‌ನ ಬಣ್ಣದ ಕಣಗಳು) ಎದ್ದಿತು.

"ಮೇಡಂ, ಆಯ್ತು ಅನ್ಸತ್ತೆ."

"ಲೆನ್ಸ್ ಕ್ಯಾಪ್ಸೂಲ್ ಕಾಣ್ತಿದೆಯಾ?"

"ಇಲ್ಲ ಮೇಡಂ. ಆದ್ರೆ ಹಿಂದಿನಿಂದ ಕೆಂಪು ಹೊಳಪು ಬರ್ತಿದೆ."

"ಹಾಗಾದ್ರೆ ಆಗಿಲ್ಲ."

ಕೆಂಪು ಹೊಳಪನ್ನು ನಂಬಬಾರದು. ಐರಿಸ್‌ನ ಪಿಗ್ಮೆಂಟ್ ಅಲ್ಲಿಲ್ಲಿ ಕಿತ್ತುಹೋಗಿದ್ದರೂ ಹೊಳಪು ಬರುತ್ತದೆ, ತೆಳು ಪೊರೆ ಒಂದು ಹಾಗೇ ಉಳಿದಿರಬಹುದು. ಕಿಂಡಿಯ ಮೂಲಕ ಕಣ್ಣೊಳಗಿನ ಲೆನ್ಸ್‌ನ ಮುಂಭಾಗ, ಅಂದರೆ ಅದರ ಹೊದಿಕೆಯಾದ ಕ್ಯಾಪ್ಸೂಲ್, ನೇರವಾಗಿ ಕಾಣಬೇಕು. ಅಗಲ ಕನಿಷ್ಠ 150ರಿಂದ 200 ಮೈಕ್ರಾನ್ ಇರಬೇಕು. ಅವಳು ಮುಂದುವರಿಸಿದಳು. ಮುಂದಿನ ಶಾಟ್‌ಗೆ ಐರಿಸ್‌ನಿಂದ ರಕ್ತದ ಸಣ್ಣ ಎಳೆಯೊಂದು ಕೆಳಗೆ ಇಳಿಯಿತು. ಅವಳು ಗಾಬರಿಯಾದದ್ದು ಉಸಿರಲ್ಲೇ ಗೊತ್ತಾಯಿತು. ಆದರೆ ಕಲಿತದ್ದನ್ನು ಮಾಡಿದಳು: ಲೆನ್ಸ್ ತೆಗೆಯಲಿಲ್ಲ, ಅದನ್ನೇ ಹಗುರವಾಗಿ ಕಣ್ಣಿಗೆ ಒತ್ತಿ ಹಿಡಿದಳು. ಒತ್ತಡ ಏರಿದಾಗ ರಕ್ತ ನಿಲ್ಲುತ್ತದೆ. ನಿಂತಿತು. ಆದರೆ ರಕ್ತ ಮತ್ತು ಪಿಗ್ಮೆಂಟ್ ಸೇರಿ ದೃಶ್ಯ ಮಸುಕಾಗಿತ್ತು.

ಇಂಥ ಹೊತ್ತಲ್ಲಿ ಕಲಿಯುವವರಿಗೆ ಇನ್ನೊಂದೇ ಒಂದು ಶಾಟ್ ಎಂಬ ಆಸೆ ಹುಟ್ಟುತ್ತದೆ. ಮುಗಿಸಿಯೇ ಏಳಬೇಕು ಎಂಬ ಹಟ. ಮಸುಕಲ್ಲಿ ಹೊಡೆದ ಶಾಟ್ ಕಾರ್ನಿಯಾಕ್ಕೋ ಲೆನ್ಸ್‌ಗೋ ತಾಗಬಹುದು. ನಿಲ್ಲಿಸು ಎಂದೆ. ಅವಳು ತಕ್ಷಣ ಕೈ ತೆಗೆದಳು. ಅರ್ಧಕ್ಕೆ ನಿಲ್ಲಿಸಿದ ಲೇಸರನ್ನು ಲಾಗ್‌ಬುಕ್‌ನಲ್ಲಿ ಸೋಲು ಎಂದು ಬರೆಯುವ ಅಭ್ಯಾಸ ಇದ್ದರೆ ಅದು ಹೋಗಬೇಕು. ಸರಿಯಾದ ಹೊತ್ತಲ್ಲಿ ನಿಲ್ಲಿಸುವುದೂ ಕಲಿಕೆಯೇ.

ಒಂದು ಗಂಟೆ

ಅಮ್ಮನಿಗೆ ಮನೆಗೆ ಹೋಗುವ ಅವಸರ. ಮೊಮ್ಮಗಳ ಶಾಲೆ ವ್ಯಾನ್ ಬರುವ ಹೊತ್ತಾಗಿತ್ತು. "ನಂಗೇನೂ ನೋವಿಲ್ಲ, ನಾಳೆ ಬರ್ತೀನಿ ಬಿಡಿ," ಎಂದರು. ಪಿಜಿ ಬಿಡಲಿಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿಸಿ, ಮಗುವನ್ನು ಇಳಿಸಿಕೊಳ್ಳಲು ಹೇಳಿಸಿದಳು. ಒಂದು ಗಂಟೆ ಆದ ಮೇಲೆ ಬಲಗಣ್ಣಿನ ಒತ್ತಡ 34 ಇತ್ತು. ನೋವಿರಲಿಲ್ಲ. ಅವರನ್ನು ಕಳಿಸಿದ್ದರೆ ಆ 34 ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾತ್ರಿ ಅದು ಎಲ್ಲಿಗೆ ಏರುತ್ತಿತ್ತು ಎಂಬುದೂ ಗೊತ್ತಾಗುತ್ತಿರಲಿಲ್ಲ. ಲೇಸರ್ ಆದ ಮೇಲಿನ ಈ ಏರಿಕೆ ಗೊತ್ತಿರುವ ವಿಷಯ, ಔಷಧಿಗೆ ಇಳಿಯುವ ವಿಷಯ. ಅಳೆದರೆ ಮಾತ್ರ.

ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ, ಆಸ್ತಮಾ ಯಾವುದೂ ಇಲ್ಲ ಎಂದು ಖಚಿತ ಮಾಡಿಕೊಂಡು ಅಸೆಟಾಜೋಲಮೈಡ್ ಮಾತ್ರೆ ಕೊಟ್ಟೆವು, ಟಿಮೋಲಾಲ್ ಡ್ರಾಪ್ಸ್ ಹಾಕಿದೆವು. ಬೆರಳು ಜುಮ್ ಅನ್ನಬಹುದು, ಹೆದರಬೇಡಿ ಎಂದೆವು. ಸಂಜೆಗೆ ಒತ್ತಡ 19ಕ್ಕೆ ಬಂತು. ಉರಿಯೂತಕ್ಕೆ ಸ್ಟೀರಾಯ್ಡ್ ಡ್ರಾಪ್ಸ್, ದಿನಕ್ಕೆ ನಾಲ್ಕು ಸಲ, ಒಂದು ವಾರ.

ಅಷ್ಟರಲ್ಲಿ ಪೀಣ್ಯದಿಂದ ಮಗ ಬಂದ. ಕೆಲಸದ ಯೂನಿಫಾರ್ಮ್‌ನಲ್ಲೇ ಇದ್ದ.

"ಮೇಡಂ, ನಮ್ಮಮ್ಮಂಗೆ ಲೇಸರ್ ಮಾಡಿದ್ದು ಯಾರು?"

"ನಮ್ಮ ಎರಡನೇ ವರ್ಷದ ಪಿಜಿ. ನಾನೂ ಜೊತೆಗೇ ನೋಡ್ತಿದ್ದೆ."

"ಕಲಿಯೋಕೆ ನಮ್ಮಮ್ಮನೇ ಬೇಕಿತ್ತಾ?"

ಅವನ ಸಿಟ್ಟು ನ್ಯಾಯವಾದದ್ದು. ನಾನು ಉತ್ತರ ಕೊಡುವ ಮೊದಲೇ ಅಮ್ಮ ಮಾತಾಡಿದರು. "ನಂಗೆ ಹೇಳೇ ಮಾಡಿದ್ದು ಕಣೋ. ಕಾಯಿಲೆ ಇದೆ ಅಂತ ಹಿಡಿದಿದ್ದೂ ಇವಳೇ ಅಲ್ವಾ?"

ಅವನನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿದೆ. ರಕ್ತ ಬಂದಿದ್ದು, ಕಿಂಡಿ ಇನ್ನೂ ಆಗದೆ ಇರುವುದು, 34, ಯಾವುದನ್ನೂ ಮುಚ್ಚಿಡಲಿಲ್ಲ. ಮುಂದಿನ ಸಲ ನೀವೇ ಮಾಡಬೇಕು ಎಂದ. ಹಾಗೆ ಕೇಳುವ ಹಕ್ಕು ಅವನ ಅಮ್ಮನಿಗಿದೆ. ಅಮ್ಮ ಒಪ್ಪಿದರು, ನಾನೂ ಒಪ್ಪಿದೆ. ಮೊದಲೇ ಎಲ್ಲ ಹೇಳಿದ್ದರಿಂದ ಆ ಮಾತುಕತೆ ಮಾತುಕತೆಯಾಗಿಯೇ ಉಳಿಯಿತು.

ಮುಂದೆ ಆದದ್ದು

ಒಂದು ವಾರದ ನಂತರ ಬಲಗಣ್ಣಿಗೆ ನಾನೇ ಮಾಡಿದೆ. ಈ ಸಲ ಮೊದಲು 532 ನ್ಯಾನೋಮೀಟರ್‌ನ ಹಸಿರು ಲೇಸರ್. ಅದನ್ನು ಐರಿಸ್‌ನ ಬಣ್ಣ ಹೀರಿಕೊಳ್ಳುತ್ತದೆ. ದಪ್ಪ ಐರಿಸ್ ಅಲ್ಲಿ ಸುಟ್ಟು ತೆಳುವಾಗುತ್ತದೆ, ರಕ್ತನಾಳವೂ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದೇ ಗುಳಿಗೆ ಯಾಗ್‌ನ ಕೆಲವೇ ಶಾಟ್. ರಕ್ತ ಬರಲಿಲ್ಲ. ಹಿಂದೆ ನಿಂತಿದ್ದ ನೀರು ಪಿಗ್ಮೆಂಟ್ ಸಮೇತ ಮುಂದಕ್ಕೆ ನುಗ್ಗಿತು, ಐರಿಸ್ ಹಿಂದಕ್ಕೆ ಸರಿಯಿತು. ಟೀಚಿಂಗ್ ಟ್ಯೂಬ್‌ನಲ್ಲಿ ಪಿಜಿ ನೋಡುತ್ತಿದ್ದಳು. ಲೆನ್ಸ್ ಕ್ಯಾಪ್ಸೂಲ್ ಕಾಣುತ್ತಿದೆ ಎಂದು ಅವಳೇ ಹೇಳಿದಳು. ದಟ್ಟ ಕಂದು ಐರಿಸ್‌ಗೆ ಎರಡೂ ಲೇಸರ್ ಸೇರಿಸಿ ಮಾಡುವುದು ನಮ್ಮ ಜನರಿಗೆ ಒಳ್ಳೆಯ ದಾರಿ. ಹಸಿರು ಲೇಸರ್ ಇರುವ ಕಡೆ ಪಿಜಿಗಳಿಗೆ ಮೊದಲಿಂದಲೇ ಇದನ್ನು ಕಲಿಸುವುದು ಸರಿ ಅನಿಸುತ್ತದೆ.

ಎಡಗಣ್ಣಿಗೆ ಯಾರು ಎಂದು ಕೇಳಿದಾಗ ಅಮ್ಮ ಪಿಜಿಯನ್ನೇ ತೋರಿಸಿದರು. ಮಗ ಬೇಡ ಅನ್ನಲಿಲ್ಲ. ಅದೇ ಕ್ರಮದಲ್ಲಿ ಅವಳು ಮಾಡಿದಳು. ಒಂದೇ ಸಲಕ್ಕೆ ಆಯಿತು. ಒಂದು ಗಂಟೆ ನಂತರದ ಒತ್ತಡ 18.

ಎರಡು ವಾರದ ನಂತರ ಮತ್ತೆ ಗೋನಿಯೋ. ಕಿಂಡಿ ಆದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ಈ ಪರೀಕ್ಷೆಯನ್ನು ಬಿಟ್ಟುಬಿಡುವವರು ಬಹಳ. ಎಡಗಣ್ಣಿನ ಆ್ಯಂಗಲ್ ಚೆನ್ನಾಗಿ ತೆರೆದಿತ್ತು. ಬಲಗಣ್ಣಲ್ಲಿ ಅರ್ಧ ಮಾತ್ರ. ಕಿಂಡಿ ಸರಿಯಾಗಿತ್ತು, ಆದರೆ ದಪ್ಪ ಲೆನ್ಸ್ ಹಿಂದಿನಿಂದ ತಳ್ಳುತ್ತಲೇ ಇತ್ತು. ಒತ್ತಡ 22ರ ಸುತ್ತ ನಿಂತಿತು. ಟಿಮೋಲಾಲ್ ಮುಂದುವರಿಸಿದೆವು. ಆ ಕಣ್ಣಿನ ಲೆನ್ಸ್‌ನಲ್ಲಿ ಪೊರೆಯೂ (ಕ್ಯಾಟರಾಕ್ಟ್) ಶುರುವಾಗಿತ್ತು. ಸೂಜಿ ಪೋಣಿಸಲು ಆಗದಿದ್ದಕ್ಕೆ ಅದೂ ಒಂದು ಕಾರಣ. 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನದಲ್ಲಿ, 419 ಜನರಲ್ಲಿ, ಲೇಸರ್‌ಗಿಂತ ಲೆನ್ಸ್ ತೆಗೆಯುವುದೇ ಒಳ್ಳೆಯ ಫಲ ಕೊಟ್ಟಿತ್ತು. ಆದರೆ ಅವರ ಕಾಯಿಲೆ ಇದಕ್ಕಿಂತ ಮುಂದುವರಿದಿತ್ತು: ಗ್ಲಾಕೋಮಾ ಆಗಿತ್ತು, ಇಲ್ಲವೇ ಒತ್ತಡ 30 ಅಥವಾ ಅದಕ್ಕಿಂತ ಹೆಚ್ಚಿತ್ತು. ಅದನ್ನು ಹಾಗೇ ಈ ಅಮ್ಮನಿಗೆ ಅನ್ವಯಿಸಲು ಬರುವುದಿಲ್ಲ. ಇಲ್ಲಿ ಪೊರೆಯೇ ಅವರ ಹೊಲಿಗೆಗೆ ಅಡ್ಡ ಬಂದಿತ್ತು. ಹಾಗಾಗಿ ಕೆಲವು ತಿಂಗಳ ನಂತರ ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು, ಅದರಲ್ಲಿ ಆ ದಪ್ಪ ಲೆನ್ಸೂ ಹೋಯಿತು. ಅದನ್ನು ಸೀನಿಯರ್ ಸರ್ಜನ್ ಮಾಡಿದರು. ಗಿಡ್ಡ ಕಣ್ಣಿನ ಆಪರೇಷನ್ ಪಿಜಿಗೆ ಕೊಡುವಂಥದ್ದಲ್ಲ.

2010ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಭಾರತದಲ್ಲಿ 40 ದಾಟಿದವರಲ್ಲಿ ಯಾವುದಾದರೂ ಹಂತದ ಆ್ಯಂಗಲ್ ಮುಚ್ಚುವ ತೊಂದರೆ ಇರುವವರು ಸುಮಾರು 2.76 ಕೋಟಿ. ಇಷ್ಟು ಜನರನ್ನು ಬರೀ ಗ್ಲಾಕೋಮಾ ತಜ್ಞರು ನೋಡಿ ಮುಗಿಸಲು ಸಾಧ್ಯವಿಲ್ಲ. ಇವತ್ತಿನ ಪಿಜಿ ನಾಳೆ ಚಳ್ಳಕೆರೆಯಲ್ಲೋ ಸಿಂಧನೂರಿನಲ್ಲೋ ಒಬ್ಬಳೇ ಕಣ್ಣಿನ ಡಾಕ್ಟರ್ ಆಗಿ ಕೂರುತ್ತಾಳೆ. ಅಲ್ಲಿ ಪಕ್ಕದಲ್ಲಿ ಟೀಚಿಂಗ್ ಟ್ಯೂಬ್ ಹಿಡಿದು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಕಲಿಸಲೇಬೇಕು. ಈ ಪ್ರಕರಣದ ನಂತರ ನಮ್ಮ ಯೂನಿಟ್‌ನಲ್ಲಿ ಕೆಲವು ಪದ್ಧತಿ ಬಿಗಿಯಾದವು. ಇಬ್ಬರು ಬೇರೆ ಬೇರೆಯಾಗಿ ಗೋನಿಯೋ ಮಾಡಿ ಬರೆಯದೆ ಯಾವ ಕಣ್ಣಿಗೂ ಲೇಸರ್ ಇಲ್ಲ. ಕಿಂಡಿಯಲ್ಲಿ ಕ್ಯಾಪ್ಸೂಲ್ ಕಂಡಿತಾ ಎಂಬುದಕ್ಕೆ ಕೇಸ್ ಶೀಟ್‌ನಲ್ಲಿ ಬೇರೆಯೇ ಸಾಲು ಇದೆ. ಒಂದು ಗಂಟೆಯ ಒತ್ತಡ ಬರೆಯದೆ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಯಾರು ಮಾಡುತ್ತಾರೆ ಎಂಬ ಮಾತನ್ನು ಒಪ್ಪಿಗೆಯ ಕಾಗದಕ್ಕೆ ಕನ್ನಡದಲ್ಲೇ ಸೇರಿಸಿದ್ದೇವೆ.

ಅಮ್ಮನ ಬಲಗಣ್ಣಿನ ಒತ್ತಡ ಈಗ ಡ್ರಾಪ್ಸ್ ಇಲ್ಲದೆ 14. ಎಡಗಣ್ಣಿನದು 16. ಆರು ತಿಂಗಳಿಗೊಮ್ಮೆ ಬರುತ್ತಾರೆ. ನೆಗಡಿ ಮಾತ್ರೆ, ಹೊಟ್ಟೆ ಹಿಡಿದುಕೊಂಡಾಗ ಕೊಡುವ ಕೆಲವು ಮಾತ್ರೆ, ಕೆಲವು ಮಾನಸಿಕ ಔಷಧಿಗಳು ಪಾಪೆ ಹಿಗ್ಗಿಸಬಲ್ಲವು. ಹಾಗಾಗಿ ಯಾವ ಡಾಕ್ಟರ್ ಹತ್ತಿರ ಹೋದರೂ ಕಣ್ಣಿನ ಚೀಟಿ ತೋರಿಸಿ ಎಂದು ಹೇಳಿದ್ದೇವೆ. ಒಡಹುಟ್ಟಿದವರಲ್ಲೂ ಈ ತೊಂದರೆ ಇರುವ ಸಾಧ್ಯತೆ ಜಾಸ್ತಿ ಎಂದು ತಿಳಿಸಿ ಅವರ ತಂಗಿಯನ್ನು ಕರೆಸಿದೆವು. ತಂಗಿಯ ಎರಡೂ ಕಣ್ಣು ಅನುಮಾನದ ಹಂತದಲ್ಲಿವೆ, ಒತ್ತಡ ಸರಿಯಿದೆ, ನೋವೇನೂ ಇಲ್ಲ. ಅವರಿಗೆ ಲೇಸರ್ ಹಾಕಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಲು, ದೀಪದ ಸುತ್ತ ಬಣ್ಣ ಕಂಡರೆ ಅಥವಾ ಹುಬ್ಬು ನೋವು ಬಂದರೆ ಅವತ್ತೇ ಬರಲು ಹೇಳಿದ್ದೇವೆ.